ಮಿನ್ನೆಸೋಟದ ಸಣ್ಣ ಊರಿನ ಕಾಲೇಜಿಗೆ ಮಗಳು ಅರ್ಜಿ ಹಾಕುತ್ತಾಳಂತೆ. ತಿಳಿದವರು ದಯವಿಟ್ಟು ಹೇಳಿ

ತೋಟದಮನೆ_ಸಾಗರ (ಅಕ್ಟೋಬರ್ 12, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಒಂದು ಹಳ್ಳಿಯವನು ನಾನು. ಅಡಿಕೆ ತೋಟ ಇದೆ, ಅಣ್ಣತಮ್ಮಂದಿರು ಒಟ್ಟಿಗೇ ಇದ್ದೇವೆ. ಮಗಳು ದ್ವಿತೀಯ ಪಿಯುಸಿ, ಪಿಸಿಎಂಬಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವಳು. ಗಣಿತ ಅಂದರೆ ಜೀವ, ಜೊತೆಗೆ ಗಿಡಮರಗಳ ಹುಚ್ಚು, ತಾಳಮದ್ದಳೆ ಇದ್ದರೆ ಬೆಳಗಿನವರೆಗೂ ಕೂರುತ್ತಾಳೆ. ಸಿಇಟಿಗೆ ಓದು ಅಂದರೆ ಓದುತ್ತಾಳೆ. ಆದರೆ ಒಂದೇ ವಿಷಯ ಹಿಡಿದು ನಾಲ್ಕು ವರ್ಷ ಕೂರುವುದಕ್ಕೆ ಮನಸ್ಸಿಲ್ಲ ಎನ್ನುತ್ತಾಳೆ.

ಹೋದ ಬೇಸಿಗೆಯಲ್ಲಿ ಒಂದು ಶಿಬಿರಕ್ಕೆ ಹೋಗಿದ್ದಾಗ ಯಾರೋ ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜುಗಳ ಬಗ್ಗೆ (ವಿಜ್ಞಾನ, ಸಾಹಿತ್ಯ, ಕಲೆ ಎಲ್ಲವನ್ನೂ ಒಟ್ಟಿಗೆ ಕಲಿಸುವ ಕಾಲೇಜುಗಳು) ಹೇಳಿದರಂತೆ. ಅಂದಿನಿಂದ ಕಾರ್ಲ್‌ಟನ್ ಎಂಬ ಹೆಸರು ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತಿದೆ. ಮಿನ್ನೆಸೋಟ ರಾಜ್ಯದ ನಾರ್ತ್‌ಫೀಲ್ಡ್ ಎಂಬ ಊರು. ಎರಡು ಸಾವಿರ ಮಕ್ಕಳಿರುವ ಕಾಲೇಜು. ಅರ್ಜಿ ಹಾಕಿದವರಲ್ಲಿ ಐದು ಜನಕ್ಕೆ ಒಬ್ಬರನ್ನು ಮಾತ್ರ ತೆಗೆದುಕೊಳ್ಳುತ್ತಾರೆ ಅಂತಲೂ ಓದಿದೆ.

ನನಗೆ ಮೂರು ಚಿಂತೆ. ನಮ್ಮಂಥವರ ಮಕ್ಕಳಿಗೆ ಅಲ್ಲಿ ಸೀಟು ಸಿಗುವುದುಂಟೇ? ವರ್ಷದ ಖರ್ಚು ಎಪ್ಪತ್ತು ಲಕ್ಷ ದಾಟುತ್ತದೆ ಎಂದು ನೋಡಿ ಎದೆ ಧಸಕ್ ಅಂತು, ಅದಕ್ಕೆ ಏನು ದಾರಿ? ಮೂರನೆಯದು ಇವೆರಡಕ್ಕಿಂತ ದೊಡ್ಡದು. ಸೀಟೂ ಸಿಕ್ಕಿ, ದುಡ್ಡೂ ಹೊಂದಿದರೆ, ಹದಿನೆಂಟರ ಕೂಸು ಆ ಹಿಮದ ಊರಲ್ಲಿ ಒಬ್ಬಳೇ ಹೇಗೆ ಇರುತ್ತಾಳೆ? ಅವಳ ಅಮ್ಮ ಬಾಯಿಬಿಟ್ಟು ಏನೂ ಹೇಳುತ್ತಿಲ್ಲ, ಆದರೆ ರಾತ್ರಿ ನಿದ್ದೆ ಮಾಡುತ್ತಿಲ್ಲ.

ವೈಟ್‌ಫೀಲ್ಡ್_ನಿವಾಸಿ (ರಾತ್ರಿ 10:15)

ಸರ್, ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ಪಿಸಿಎಂಬಿ ಓದುವ ಜಾಣ ಹುಡುಗಿಯನ್ನು ಯಾವ ಕೋರ್ಸ್ ಅಂತಲೂ ಗೊತ್ತಿಲ್ಲದೆ ಅಷ್ಟು ದೂರ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಅಮೆರಿಕದಲ್ಲಿ ಕೆಲಸದ ವೀಸಾ ಮೊದಲೇ ಕಷ್ಟ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ (ಅದೇ ಕೆಲಸದ ವೀಸಾ) ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದ್ದಾರೆ. ಹತ್ತು ಬಗೆಯ ವಿಷಯ ಕಲಿಯುವ ಆಸೆ ಇದ್ದರೆ ಬೆಂಗಳೂರಿನಲ್ಲೇ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಇದೆ, ಆಂಧ್ರದ ಶ್ರೀಸಿಟಿಯಲ್ಲಿ ಕ್ರಿಯಾ ಇದೆ, ಸೋನೀಪತ್‌ನಲ್ಲಿ ಅಶೋಕ ಇದೆ. ಹಬ್ಬಕ್ಕೆ ಮನೆಗೆ ಬರಬಹುದು. ಯೋಚಿಸಿ.

ಬ್ಯಾಡಗಿಯಾಕಿ (ಅಕ್ಟೋಬರ್ 13, ಬೆಳಿಗ್ಗೆ 8:05)

ತೋಟದಮನಿ ಕಾಕಾ, ನಮಸ್ಕಾರ್ರಿ. ನಾ ಬ್ಯಾಡಗಿಯಾಕಿ. ಈಗ ಕಾರ್ಲ್‌ಟನ್ ಕಾಲೇಜಿನ್ಯಾಗ ಮೂರನೇ ವರ್ಷ. ನೀವು ಬರದದ್ದು ಓದಿ ಸುಮ್ನಿರಾಕ ಆಗ್ಲಿಲ್ಲ. ಉದ್ದ ಆಕ್ಕೈತಿ, ತಾಳ್ಮಿಯಿಂದ ಓದ್ರಿ.

ಮೊದ್ಲ ಊರಿನ ಸುದ್ದಿ. ನಾರ್ತ್‌ಫೀಲ್ಡ್ ಅಂದ್ರ 20 ಸಾವಿರ ಮಂದಿ ಇರೋ ಊರು, ಮಿನಿಯಾಪೊಲಿಸ್‌ನಿಂದ ದಕ್ಷಿಣಕ್ಕ ಹತ್ರ ಹತ್ರ 65 ಕಿಲೋಮೀಟರ್. ನಡುವ ಕ್ಯಾನನ್ ಅನ್ನೋ ಹೊಳಿ. ಹೊಳಿ ಈಚಿ ಕಡೆ ನಮ್ಮ ಕಾಲೇಜು, ಆಚಿ ಗುಡ್ಡದ ಮ್ಯಾಲೆ ಸೇಂಟ್ ಓಲಾಫ್ ಅಂತ ಇನ್ನೊಂದು ಕಾಲೇಜು. ಊರಿನವರು ಹಾಕ್ಕೊಂಡ ಘೋಷವಾಕ್ಯನ 'ಆಕಳು, ಕಾಲೇಜು, ಸಮಾಧಾನ' ಅಂತ. ಬೆಳಗಿನ ನಾಷ್ಟಾಕ್ಕ ಹಾಲಿನ್ಯಾಗ ಹಾಕ್ಕೊಂಡು ತಿನ್ನೋ ಸೀರಿಯಲ್ ಮಾಡೋ ಮಾಲ್ಟ್-ಒ-ಮೀಲ್ ಫ್ಯಾಕ್ಟರಿ ಊರಾಗ ಐತಿ. ಗಾಳಿ ತಿರುಗಿದ ದಿನ ಕಾಲೇಜಿನ ತುಂಬ ಚಾಕೊಲೇಟ್ ವಾಸನಿ. ಸೀಜನ್ನಿನ್ಯಾಗ ಬ್ಯಾಡಗಿ ಬಸ್‌ಸ್ಟ್ಯಾಂಡಿನ್ಯಾಗ ಇಳದ ಕೂಡ್ಲೆ ಮೆಣಸಿನಕಾಯಿ ಘಾಟು ಮೂಗಿಗೆ ಹೊಡೀತೈತಲ್ರೀ, ಮೊದಲ ವಾರ ನನಗ ಅದ ನೆನಪಾತು. ತನ್ನ ವಾಸನಿ ಇರೋ ಊರು ನನಗ ಪರಕೀಯ ಅನಸಲಿಲ್ಲ.

ಸೀಟಿನ ಮಾತು. ನಮ್ಮ ಅಪ್ಪ ದಲಾಲಿ ಅಂಗಡ್ಯಾಗ ಗುಮಾಸ್ತ. ಅವ್ವ ಮೆಣಸಿನಕಾಯಿ ತುಂಬು (ತೊಟ್ಟು) ಬಿಡಸಾಕ ಹೋಗ್ತಾಳ. ನಾನೂ ಹತ್ತನೇತ್ತಾವರಿಗೆ ಕನ್ನಡ ಶಾಲಿನ. ಅರ್ಜಿ ಹಾಕೋದು ಕಾಮನ್ ಆ್ಯಪ್ ಅನ್ನೋ ಜಾಲತಾಣದಾಗ, ಕಾರ್ಲ್‌ಟನ್ನಿಗೆ ಅರ್ಜಿ ಶುಲ್ಕ ಇಲ್ಲ. ಅದರಾಗ 650 ಶಬ್ದ ಮೀರದಂಗ ಒಂದು ಪ್ರಬಂಧ ಬರೀಬೇಕು. ನಾ ಮೊದ್ಲ ಬರದದ್ದು ಮಹಿಳಾ ಸಬಲೀಕರಣದ ಬಗ್ಗೆ. ಭಾಷಣ ಸ್ಪರ್ಧಾದಾಗ ಬಹುಮಾನ ತಗೊಂಡಿದ್ದ ಭಾಷಣನ ಇಂಗ್ಲಿಷಿಗೆ ತಿರುವಿದ್ದೆ. ನಮ್ಮ ಇಂಗ್ಲಿಷ್ ಮೇಡಂ ಓದಿ, 'ಇದರಾಗ ನೀ ಎಲ್ಲಿದ್ದೀ ಹೇಳು' ಅಂದ್ರು. ಮನಿಗೆ ಬಂದು ಅತ್ತೆ.

ಆಮ್ಯಾಲೆ ಬರದದ್ದು ಅವ್ವನ ಕೈ ಬಗ್ಗೆ. ದಿನಾ ತುಂಬು ಬಿಡಿಸಿದ ಕೈ ರಾತ್ರಿಯೆಲ್ಲ ಉರೀತಾವು. ಸೋಪು ಹಚ್ಚಿ ತೊಳದ್ರೂ ಖಾರ ಹೋಗಂಗಿಲ್ಲ. ಅದಕ್ಕ ನಾ ಸಣ್ಣಾಕಿದ್ದಾಗಿಂದ ಅವ್ವ ನನ್ನ ಮುಖ ತೊಳೀತಿದ್ದಿಲ್ಲ, ಕಣ್ಣಿಗೆ ಕಾಡಿಗಿ ಹಚ್ಚತಿದ್ದಿಲ್ಲ. ಮೂರನೇ ವರ್ಷಕ್ಕ ನಾನ ನನ್ನ ಮುಖ ತೊಳ್ಕೊಳ್ಳಾಕ ಕಲತೆ. ಅವ್ವಗ ನನ್ನ ಮ್ಯಾಲೆ ಮಾಯಾ ಇಲ್ಲ ಅಂತ ಆರನೇ ವರ್ಷದತನಕ ತಿಳ್ಕೊಂಡಿದ್ದೆ. ಒಂದಿನ ಅಕಿ ಮೊಣಕೈ ಮ್ಯಾಲಿನ ಭಾಗದಿಂದ ನನ್ನ ಕಣ್ಣೀರು ಒರಸಿದ್ಲು. ಅಷ್ಟ ಬರದೆ. ಕಡೀಗೆ ನೀತಿ ಗೀತಿ ಏನೂ ಸೇರಸ್ಲಿಲ್ಲ. ಪ್ರವೇಶದ ಪತ್ರದ ಕೂಡ ಬಂದ ಚೀಟ್ಯಾಗ ಯಾರೋ ಕೈಯಿಂದ ಬರದಿದ್ರು, ಅವ್ವನ ಮೊಣಕೈ ನಮಗ ನೆನಪೈತಿ ಅಂತ.

ತಂಗಿಗೆ ಇದನ್ನ ಹೇಳ್ರಿ ಕಾಕಾ. ಅಡಿಕಿ ತೋಟದ ಬಗ್ಗೆ ಬರಿ ಅಂತ ನಾ ಹೇಳಂಗಿಲ್ಲ. ಅಕಿಗೆ ಯಾವುದು ನಿದ್ದಿ ಕೆಡಸ್ತೈತೋ, ಯಾವುದನ್ನ ಯಾರೂ ಕೇಳದಿದ್ರೂ ಹೇಳಾಕ ಹೋಗ್ತಾಳೋ, ಅದನ್ನ ಬರೀಲಿ.

ಇನ್ನ ರೊಕ್ಕ. ಇಲ್ಲಿ ನೀವು ತಪ್ಪು ತಿಳ್ಕೊಬಾರ್ದು. ಕಾರ್ಲ್‌ಟನ್ ಒಮ್ಮೆ ಸೀಟು ಕೊಟ್ಟಿತಂದ್ರ, ನಿಮ್ಮ ಮನಿಗೆ ಕಟ್ಟಾಕ ಆಗೋದೆಷ್ಟು ಅಂತ ಲೆಕ್ಕ ಹಾಕಿ ಉಳದದ್ದನ್ನ ಪೂರ್ತಿ ತುಂಬಸಿ ಕೊಡ್ತೈತಿ, ನಾಲ್ಕೂ ವರ್ಷ. ಆದ್ರ ಪರದೇಶದ ಮಕ್ಕಳ ಅರ್ಜಿ ನೋಡೋವಾಗ, ಇವರಿಗೆ ಎಷ್ಟು ಸಹಾಯ ಬೇಕು ಅನ್ನೋದನ್ನೂ ನೋಡ್ತಾರ. ಹಂಗಾಗಿ ಐದರಾಗ ಒಂದು ಅನ್ನೋದು ಎಲ್ಲಾರನ್ನೂ ಸೇರಿಸಿದ ಲೆಕ್ಕ. ಸಹಾಯ ಬೇಡೋ ನಮ್ಮಂಥವರಿಗೆ ಬಾಗ್ಲ ಅದಕ್ಕಿಂತ ಸಣ್ಣದು. ರೊಕ್ಕದ ಅಡಚಣಿ ನೋಡದನ ಪರದೇಶದವರನ್ನೂ ತಗೊಳ್ಳೋ ಸಣ್ಣ ಊರಿನ ಕಾಲೇಜು ಕೆಲವು ಅದಾವು. ಮ್ಯಾಸಚೂಸೆಟ್ಸ್‌ನ ಆ್ಯಮ್‌ಹರ್ಸ್ಟ್, ಮೇನ್ ರಾಜ್ಯದ ಬೋಡನ್. ಅಲ್ಲಿ ಸೀಟು ಇನ್ನೂ ಕಠಿಣ. ತಂಗಿ ಒಂದ ಹೆಸರು ಹಿಡಕೊಂಡು ಕುಂಡ್ರೋದು ಬ್ಯಾಡ, ಏಳೆಂಟು ಕಡೆ ಹಾಕ್ಲಿ. ಅಯೋವಾದ ಗ್ರಿನೆಲ್, ಓಹಾಯೋದ ಕೆನ್ಯನ್, ಇವೂ ಇಂಥ ಸಣ್ಣ ಊರಿನ ಕಾಲೇಜುಗಳ.

ಹೊಂದಿಕೊಳ್ಳೋ ಮಾತು ಇನ್ನೊಮ್ಮೆ ಬರೀತೀನಿ. ಈಗ ಇಲ್ಲಿ ರಾತ್ರಿ ಒಂಬತ್ತೂವರಿ, ನಾಳೆ ಫೀಲ್ಡ್‌ಗೆ ಹೋಗೋದೈತಿ.

ನಿವೃತ್ತ_ಪ್ರಾಂಶುಪಾಲ_ತುಮಕೂರು (ಬೆಳಿಗ್ಗೆ 11:20)

ಬ್ಯಾಡಗಿಯ ತಂಗಿ ಬರೆದಿದ್ದನ್ನು ಓದಿ ಮನಸ್ಸು ತುಂಬಿ ಬಂತು. ತೋಟದಮನೆಯವರೇ, ದಾಖಲೆಗಳ ಕಡೆಯಿಂದ ನಾನು ನಾಲ್ಕು ಮಾತು ಸೇರಿಸುತ್ತೇನೆ. ನಮ್ಮ ಪಿಯು ಮಕ್ಕಳು ಅರ್ಜಿಯಲ್ಲಿ ಎಡವುವುದು ಬುದ್ಧಿ ಸಾಲದೆ ಅಲ್ಲ, ಕಾಗದ ಹೊಂದಿಸಲಾಗದೆ.

ಅವರು ಒಂಬತ್ತರಿಂದ ಹನ್ನೆರಡನೆಯವರೆಗಿನ ನಾಲ್ಕು ವರ್ಷದ ಅಂಕ ಕೇಳುತ್ತಾರೆ. ಒಂಬತ್ತು, ಹತ್ತು ಪ್ರೌಢಶಾಲೆಯಲ್ಲಿ, ಹನ್ನೊಂದು, ಹನ್ನೆರಡು ಪಿಯು ಕಾಲೇಜಿನಲ್ಲಿ. ಒಂಬತ್ತನೆಯ ತರಗತಿಯ ಅಂಕಪಟ್ಟಿ ಎಷ್ಟೋ ಶಾಲೆಗಳಲ್ಲಿ ಹುಡುಕಿದರೆ ಮಾತ್ರ ಸಿಗುತ್ತದೆ. ಈ ವಾರವೇ ಹಳೆಯ ಶಾಲೆಗೆ ಹೋಗಿ, ಮುಖ್ಯೋಪಾಧ್ಯಾಯರ ಸಹಿ, ಮೊಹರು ಹಾಕಿಸಿಕೊಂಡು ಬನ್ನಿ. ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ ಅದಕ್ಕೂ ಮೊಹರು ಹಾಕಿಸಿ.

ಕೌನ್ಸೆಲರ್ ಪತ್ರ ಅಂತ ಒಂದು ಕೇಳುತ್ತಾರೆ. ನಮ್ಮಲ್ಲಿ ಆ ಹುದ್ದೆಯೇ ಇಲ್ಲ, ಪ್ರಾಂಶುಪಾಲರೇ ಬರೆಯಬಹುದು. ಅವರು ಬರೆಯುವುದು ಗುಣನಡತೆಯ ಸರ್ಟಿಫಿಕೇಟ್ ತರಹ 'ಈಕೆಯ ನಡತೆ ತೃಪ್ತಿಕರವಾಗಿದೆ' ಎಂದಾದರೆ ಉಪಯೋಗವಿಲ್ಲ. ಕಾಲೇಜಿನಲ್ಲಿ ಎಷ್ಟು ಮಕ್ಕಳು, ಎಷ್ಟು ಮಂದಿ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಾರೆ, ಪ್ರಯೋಗಾಲಯ ಹೇಗಿದೆ, ಇವರ ನಡುವೆ ನಿಮ್ಮ ಮಗಳು ಏನು ಮಾಡಿದಳು, ಇದೆಲ್ಲ ಬರಬೇಕು. ಓದುವವರಿಗೆ ಸಾಗರ ಗೊತ್ತಿಲ್ಲ, ಪಿಯುಸಿ ಗೊತ್ತಿಲ್ಲ. ಇಬ್ಬರು ಉಪನ್ಯಾಸಕರ ಪತ್ರವೂ ಬೇಕು. ಗಣಿತದವರೊಬ್ಬರು, ಕನ್ನಡದವರೋ ಇಂಗ್ಲಿಷಿನವರೋ ಇನ್ನೊಬ್ಬರು ಇದ್ದರೆ ಚೆನ್ನ. ಅವರಿಗೆ ಇಂಗ್ಲಿಷ್ ಬರವಣಿಗೆ ಕಷ್ಟವಾದರೆ ಕನ್ನಡದಲ್ಲಿ ಬರೆಯಲಿ, ಅನುವಾದ ಮಾಡಿಸಿ ಎರಡನ್ನೂ ಕಳಿಸಿ. ನನ್ನ ಸೇವೆಯ ಕಾಲದಲ್ಲಿ ಒಬ್ಬ ವಿದ್ಯಾರ್ಥಿಗೆ ಹಾಗೆ ಮಾಡಿದ್ದೆವು, ಯಾವ ತೊಡಕೂ ಆಗಲಿಲ್ಲ.

ವಾರ್ಷಿಕ ಪರೀಕ್ಷೆಗೆ ಮೊದಲೇ ಊಹೆಯ ಅಂಕ ಕೊಡುವ ಪದ್ಧತಿ ನಮ್ಮ ಮಂಡಳಿಯಲ್ಲಿ ಇಲ್ಲ. ಮಧ್ಯವಾರ್ಷಿಕದ ಅಂಕ ಕಳಿಸಿ, ಪೂರ್ವಸಿದ್ಧತಾ ಪರೀಕ್ಷೆ ಆದ ಮೇಲೆ ಅದನ್ನೂ ಕಳಿಸಿ.

ಇನ್ನೊಂದು. ಪ್ರಬಂಧ ಬರೆದುಕೊಡುತ್ತೇವೆ, ಎನ್‌ಜಿಒ ಸರ್ಟಿಫಿಕೇಟ್ ಕೊಡಿಸುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ನನ್ನ ಪರಿಚಯದ ಒಂದು ಕುಟುಂಬ ಅಂಥವರಿಗೆ ಮೂರು ಲಕ್ಷ ಕೊಟ್ಟಿತು. ಹುಡುಗ ಮಾಡದ ಸಮಾಜಸೇವೆಯನ್ನು ಅರ್ಜಿಯಲ್ಲಿ ಬರೆಸಿದರು. ಸಂದರ್ಶನದಲ್ಲಿ ಅದರ ಬಗ್ಗೆಯೇ ಕೇಳಿದಾಗ ಹುಡುಗ ತಲೆ ತಗ್ಗಿಸಿ ಕೂತ. ಆ ಮಗುವಿನ ಮುಖ ನನಗೆ ಈಗಲೂ ಕಣ್ಣ ಮುಂದಿದೆ.

ತೋಟದಮನೆ_ಸಾಗರ (ಸಂಜೆ 7:30)

ಎಲ್ಲರಿಗೂ ಕೈಮುಗಿದು ಹೇಳುತ್ತೇನೆ, ಇಷ್ಟು ಕಾಳಜಿಯಿಂದ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಬ್ಯಾಡಗಿ ತಂಗಿ ಬರೆದದ್ದನ್ನು ಮನೆಯಲ್ಲಿ ಜೋರಾಗಿ ಓದಿದೆ. ಮಗಳ ಅಮ್ಮ ಎದ್ದು ಒಳಗೆ ಹೋದಳು, ಸ್ವಲ್ಪ ಹೊತ್ತಿನ ಮೇಲೆ ಬಂದು 'ಇನ್ನೊಂದು ಸಲ ಓದಿ' ಅಂದಳು.

ಈಗ ಹಣಕಾಸಿನ ಅರ್ಜಿ ತೆರೆದು ಕೂತಿದ್ದೇನೆ. ಆದಾಯ ತೆರಿಗೆ ರಿಟರ್ನ್ಸ್ ಕೇಳುತ್ತದೆ, ನಾನು ಸಲ್ಲಿಸಿಯೇ ಇಲ್ಲ. ಪಹಣಿ ಇನ್ನೂ ಅಪ್ಪಯ್ಯನ ಹೆಸರಲ್ಲಿದೆ, ಮೂವರು ಗಂಡುಮಕ್ಕಳಿಗೆ ಪಾಲಾಗಿಲ್ಲ. ಒಂದು ವರ್ಷ ಕೊಳೆ ಬಂದರೆ ಬೆಳೆ ಅರ್ಧ. ಯಾವ ಅಂಕಿ ಹಾಕಲಿ?

ಲೆಕ್ಕಪತ್ರ_ಶಿರಸಿ (ರಾತ್ರಿ 8:50)

ನಾನು ಶಿರಸಿಯಲ್ಲಿ ತೆರಿಗೆ ಕೆಲಸ ಮಾಡುವವನು. ನಮ್ಮ ಅಕ್ಕನ ಮಗನ ಅರ್ಜಿಗೆ ಇದನ್ನೆಲ್ಲ ತುಂಬಿ ಅನುಭವ ಇದೆ.

ನೀವು ನೋಡುತ್ತಿರುವುದು ಸಿಎಸ್‌ಎಸ್ ಪ್ರೊಫೈಲ್, ಅಂದರೆ ಹಣದ ಸಹಾಯ ಲೆಕ್ಕ ಹಾಕಲು ಮನೆಯ ಆದಾಯ, ಆಸ್ತಿ ಕೇಳುವ ಅರ್ಜಿ. ರೂಪಾಯಿಯಲ್ಲೇ ತುಂಬಿ, ಡಾಲರ್‌ಗೆ ನೀವು ತಿರುಗಿಸಬೇಡಿ. ಭಾರತದಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ಸ್ ಇಲ್ಲದಿರುವುದು ತಪ್ಪಲ್ಲ. ಆದರೆ ಅಲ್ಲಿ ಕೂತು ನೋಡುವವರಿಗೆ ಅದು ಗೊತ್ತಿರಬೇಕಲ್ಲ? ಒಂದು ಪುಟದ ಪತ್ರ ಬರೆಯಿರಿ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತೆಗೆಸಿ. ಸೊಸೈಟಿಗೆ ಅಡಿಕೆ ಹಾಕಿದ ಮೂರು ವರ್ಷದ ಪಟ್ಟಿ, ಬ್ಯಾಂಕ್ ಪಾಸ್‌ಬುಕ್, ಬೆಳೆ ಸಾಲದ ಕಾಗದ, ಎಲ್ಲ ಜೋಡಿಸಿ. ಕೊಳೆರೋಗದಿಂದ ಯಾವ ವರ್ಷ ಎಷ್ಟು ಹೋಯಿತು ಎನ್ನುವುದು ಸೊಸೈಟಿ ಪಟ್ಟಿಯಲ್ಲೇ ಕಾಣುತ್ತದೆ, ನೀವು ವರ್ಣಿಸುವುದೇ ಬೇಡ.

ಜಮೀನು: ಪೂರ್ತಿ ತೋಟವನ್ನು ನಿಮ್ಮ ಆಸ್ತಿ ಅಂತ ತುಂಬಬೇಡಿ, ಶೂನ್ಯ ಅಂತಲೂ ತುಂಬಬೇಡಿ. ಪಹಣಿ ತಂದೆಯ ಹೆಸರಲ್ಲಿದೆ, ಅವಿಭಕ್ತ ಕುಟುಂಬ, ಮೂವರು ಹಕ್ಕುದಾರರು, ನಮ್ಮ ಪಾಲಿಗೆ ಬರುವುದು ಇಷ್ಟು, ಇದನ್ನು ಮಾರಿದರೆ ಮನೆಯ ಜೀವನವೇ ಇಲ್ಲ ಎಂದು ವಿಶೇಷ ಸಂದರ್ಭ ಬರೆಯುವ ಜಾಗದಲ್ಲಿ ಸ್ಪಷ್ಟವಾಗಿ ಬರೆಯಿರಿ. ಆಮೇಲೆ ಅವರು ಮಿಂಚಂಚೆಯಲ್ಲಿ ಪ್ರಶ್ನೆ ಕೇಳುತ್ತಾರೆ. ನಮಗೆ ನಾಲ್ಕು ಸಲ ಕೇಳಿದ್ದರು. ಅನುಮಾನ ಪಟ್ಟಿದ್ದಾರೆ ಎಂದು ಅಕ್ಕ ಅತ್ತಳು. ಅವರಿಗೆ ಅರ್ಥ ಮಾಡಿಕೊಳ್ಳಬೇಕಿತ್ತು, ಅಷ್ಟೇ.

ನವೆಂಬರ್ ಮಧ್ಯದಲ್ಲಿ ಮುಗಿಯುವ ಅರ್ಲಿ ಡಿಸಿಷನ್ ಸುತ್ತು ಇದೆ. ಅದರಲ್ಲಿ ಸೀಟು ಬಂದರೆ ಬೇರೆ ಕಡೆಯ ಅರ್ಜಿಗಳನ್ನು ಹಿಂತೆಗೆದುಕೊಂಡು ಅಲ್ಲಿಗೇ ಸೇರುತ್ತೇವೆ ಎಂದು ಒಪ್ಪಿಕೊಂಡ ಹಾಗೆ. ನಿಮಗೆ ಈಗ ಕಾಗದ ಹೊಂದಿಸಲು ಒಂದು ತಿಂಗಳಷ್ಟೇ ಇದೆ. ಜನವರಿ ಮಧ್ಯದ ಸಾಮಾನ್ಯ ಸುತ್ತಿಗೆ ಹಾಕಿ ಎನ್ನುವುದು ನನ್ನ ಸಲಹೆ.

ಜಯನಗರ_ನಾಲ್ಕನೇ_ಬ್ಲಾಕ್ (ಅಕ್ಟೋಬರ್ 14, ರಾತ್ರಿ 1:10)

ಇದನ್ನು ಬರೆಯಬೇಕೋ ಬೇಡವೋ ಎಂದು ಒಂದು ದಿನವಿಡೀ ಯೋಚಿಸಿದೆ. ನಾನು ಬೇರೊಂದು ರಾಜ್ಯದ ಇಂಥದ್ದೇ ಕಾಲೇಜಿನಲ್ಲಿ ಒಂದೂವರೆ ವರ್ಷ ಇದ್ದು, ದೊಡ್ಡ ಊರಿನ ವಿಶ್ವವಿದ್ಯಾಲಯಕ್ಕೆ ವರ್ಗ ಮಾಡಿಸಿಕೊಂಡವನು. ಕಾಲೇಜಿನ ಹೆಸರು ಬೇಡ. ಅವರು ನನಗೆ ಏನೂ ಕೆಟ್ಟದ್ದು ಮಾಡಿಲ್ಲ.

ಬೆಂಗಳೂರಿನಲ್ಲಿ ಬೆಳೆದವನಿಗೆ ಒಬ್ಬನೇ ಇರುವುದು ಅಂದರೆ ಜನರ ನಡುವೆ ಒಬ್ಬನೇ ಇರುವುದು. ಬಸ್ಸು ಹತ್ತಿ ಎಲ್ಲಿಗೋ ಹೋಗಿ, ದರ್ಶಿನಿಯಲ್ಲಿ ನಿಂತು ಕಾಫಿ ಕುಡಿದು ಬರುತ್ತಿದ್ದೆ, ಯಾರೂ ಕೇಳುತ್ತಿರಲಿಲ್ಲ. ಅಲ್ಲಿ ಹಾಗಿಲ್ಲ. ಇರುವುದೇ ಒಂದು ಬೀದಿ. ಬೆಳಿಗ್ಗೆ ತರಗತಿಯಲ್ಲಿ ತಪ್ಪು ಮಾತಾಡಿದರೆ ಮಧ್ಯಾಹ್ನ ಊಟದ ಸಾಲಿನಲ್ಲಿ ಅದೇ ಹದಿನೈದು ಮುಖ. ಎಲ್ಲರೂ ಒಳ್ಳೆಯವರೇ, ಹೇಗಿದ್ದೀಯ ಎಂದು ಕೇಳುತ್ತಾರೆ. ಆದರೆ ಆ ಪ್ರಶ್ನೆಗೆ ನಿಜವಾದ ಉತ್ತರ ಕೊಡಲು ನನಗೆ ಬರಲಿಲ್ಲ. ಎರಡನೆಯ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತಿದ್ದಾಗ ನಾನು ಕೋಣೆಯಿಂದ ಹೊರಗೆ ಬರುವುದನ್ನೇ ನಿಲ್ಲಿಸಿದ್ದೆ. ಅಮ್ಮನಿಗೆ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಅನ್ನುತ್ತಿದ್ದೆ.

ಸರ್, ನಿಮ್ಮ ಮಗಳಿಗೂ ಹೀಗೇ ಆಗುತ್ತದೆ ಅಂತಲ್ಲ. ಹೊರಡುವ ಮುಂಚೆ ಮನೆಯಲ್ಲಿ ಒಂದು ಮಾತು ಆಗಿರಲಿ. ಚೆನ್ನಾಗಿಲ್ಲ ಎಂದರೆ ಯಾರೂ ಬೈಯುವುದಿಲ್ಲ, ವಾಪಸ್ ಬಂದರೆ ಮರ್ಯಾದೆ ಹೋಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ. ನನಗೆ ಅದನ್ನು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಬ್ಯಾಡಗಿಯಾಕಿ (ಬೆಳಿಗ್ಗೆ 9:30)

ಜಯನಗರದ ಅಣ್ಣಾ, ನೀವು ಬರದದ್ದು ಛಲೋ ಆತು. ಇಲ್ಲಿ ಎಷ್ಟೋ ಮಂದಿ ಇದನ್ನ ಅನುಭವಸ್ತಾರ, ಹೇಳಂಗಿಲ್ಲ. ನನ್ನ ಮೊದಲನೇ ಟರ್ಮಿನ ಕಥಿ ನಿಮ್ಮದರಂಗನ ಇತ್ತು.

ಕಾರ್ಲ್‌ಟನ್ನಿನ್ಯಾಗ ವರ್ಷಕ್ಕ ಮೂರು ಟರ್ಮು, ಒಂದೊಂದು ಹತ್ತು ವಾರ, ಪ್ರತಿ ಟರ್ಮಿಗೆ ಮೂರು ವಿಷಯ. ಹತ್ತು ವಾರ ಅಂದ್ರ ಕಣ್ಣು ಮುಚ್ಚಿ ತೆಗಿಯೋದ್ರಾಗ ಮುಗೀತೈತಿ. ಒಂದು ವಾರ ಜ್ವರ ಬಂದು ಮಲಗಿದ್ರ ಹತ್ತನೇ ಒಂದು ಭಾಗ ಹೋತು. ಮೊದಲನೇ ಟರ್ಮಿಗೆ ಎಲ್ಲಾರಿಗೂ ಒಂದು ವಿಚಾರಗೋಷ್ಠಿ ಕಡ್ಡಾಯ, ವಾದ ಮತ್ತು ವಿಚಾರಣೆ ಅಂತ ಅದರ ಹೆಸರು. ಹದಿನೈದ ಮಂದಿ ದುಂಡಗ ಕುಂತು ಮಾತಾಡಬೇಕು. ನಮ್ಮ ಊರ ಕಾಲೇಜಿನ್ಯಾಗ ಸರ್ ಕೇಳಿದ್ದಕ್ಕ ಎದ್ದು ನಿಂತು ಉತ್ತರ ಹೇಳಿ ಕುಂಡ್ರೋದು ರೂಢಿ. ಇಲ್ಲಿ ಯಾರೂ ಕೇಳಂಗಿಲ್ಲ, ನೀವ ಮಾತಿನ ನಡುವ ನುಗ್ಗಬೇಕು. ನಾ ಮನಸ್ಸಿನ್ಯಾಗ ವಾಕ್ಯ ಜೋಡಸೋದ್ರಾಗ ಮಾತು ಮುಂದ ಹೋಗಿರ್ತಿತ್ತು. ನಾಲ್ಕು ವಾರ ಒಂದ ಮಾತೂ ಆಡ್ಲಿಲ್ಲ.

ಐದನೇ ವಾರ ಪ್ರೊಫೆಸರ್ ಕರದು ಕೇಳಿದ್ರು. ಇದ್ದದ್ದು ಇದ್ದಂಗ ಹೇಳಿದೆ. ಹಂಗಾದ್ರ ಮುಂದಿನ ತರಗತಿ ನೀನ ಒಂದು ಪ್ರಶ್ನಿ ಬರ್ಕೊಂಡು ಬಾ, ಅದರಿಂದನ ಶುರು ಮಾಡೋಣು ಅಂದ್ರು. ಮರುದಿನ ನನ್ನ ಪ್ರಶ್ನಿಯಿಂದ ತರಗತಿ ಶುರುವಾತು. ಸಣ್ಣ ಕಾಲೇಜಿನ್ಯಾಗ ಅಡಗಾಕ ಜಾಗ ಇಲ್ಲ ಅನ್ನೋದು ಖರೇ. ನಾ ಮುಳುಗಾಕತ್ತೀನಿ ಅಂತ ಐದನೇ ವಾರಕ್ಕ ಗೊತ್ತಾದದ್ದೂ ಅದಕ್ಕ. ಐದುನೂರು ಮಂದಿ ಕುಂಡ್ರೋ ಹಾಲಿನ್ಯಾಗ ನನ್ನ ಯಾರು ನೋಡ್ತಿದ್ರು?

ಶುಕ್ರವಾರ ಇಲ್ಲಿ ಒಂದು ಪದ್ಧತಿ ಐತಿ. ಹೂವು ಮಾರವ್ರು ಕಾಲೇಜಿಗೆ ಬರ್ತಾರ. ಹುಡುಗರು ಒಂದೊಂದು ದಂಟು ತಗೊಂಡು ತಮ್ಮ ಗೆಳೆಯರ ಅಂಚೆಪೆಟ್ಟಿಗ್ಯಾಗ ಇಡ್ತಾರ. ಶುಕ್ರವಾರದ ಹೂವು ಅಂತನ ಕರೀತಾರ. ಮೊದಲ ಮೂರು ವಾರ ನನ್ನ ಪೆಟ್ಟಿಗಿ ಖಾಲಿ. ನಾಕನೇ ವಾರ ಯಾರ ಪೆಟ್ಟಿಗ್ಯಾಗ ಇಡ್ಲಿ ಅಂತ ವಿಚಾರ ಮಾಡಿದೆ, ಊಟದ ಹಾಲಿನ್ಯಾಗ ದಿನಾ ನನ್ನ ತಾಟು ನೋಡಿ, ಇದರಾಗ ಮಾಂಸ ಐತಿ ತಗೋಬ್ಯಾಡ ಅಂತ ಹೇಳೋ ಹುಡುಗಿ ನೆನಪಾದ್ಲು. ಅಯೋವಾದ ರೈತರ ಮಗಳು ಅಕಿ. ಒಂದು ಹಳದಿ ಹೂವು ಇಟ್ಟೆ. ಬ್ಯಾಡಗ್ಯಾಗ ಹೂವು ಮೊಳದ ಲೆಕ್ಕದಾಗ ತಗೋತೀವಿ, ಒಂದ ದಂಟು ಕೊಡೋದು ನನಗ ಕಡಿಮಿ ಅನಿಸ್ತು. ಅಕಿ ಸಂಜಿಗೆ ಹುಡಿಕ್ಕೊಂಡು ಬಂದ್ಲು. ಈಗ ಎರಡು ವರ್ಷ ಆತು, ಒಂದ ಕೋಣ್ಯಾಗ ಇದ್ದೀವಿ. ಅವರಪ್ಪ ಮೆಕ್ಕಿಜೋಳ, ಸೋಯಾ ಬೆಳೀತಾರ. ಕ್ರಿಸ್‌ಮಸ್‌ಗೆ ಅವರ ಮನಿಗೆ ಹೋಗಿದ್ದೆ. ಅವರಪ್ಪಗೂ ನನಗೂ ಮಳಿ, ದರ, ದಲಾಲಿ ಇವ ಮಾತು, ಎರಡು ತಾಸು.

ಇಲ್ಲೇ ಒಂದು ಮಾತು ಹೇಳಬೇಕು ಕಾಕಾ. ಹಳ್ಳಿ ಹುಡುಗಿ ಹೆಂಗ ಹೊಂದ್ಕೋತಾಳ ಅಂತ ನೀವು ಅಂಜೀರಿ. ನಾ ನೋಡಿದಂಗ ಸಣ್ಣ ಊರಾಗ ಬದುಕೋದು ಒಂದು ವಿದ್ಯಾ, ಅದು ತಂಗಿಗೆ ಬರ್ತೈತಿ. ದಾರ್‍ಯಾಗ ಎದುರಿಗೆ ಬಂದವರನ್ನ ಮಾತಾಡಸೋದು, ಇವತ್ತು ಜಗಳಾಡಿದವರ ಕೂಡ ನಾಳೆ ಒಂದ ಕಟ್ಟಿ ಮ್ಯಾಲೆ ಕುಂಡ್ರೋದು, ತನ್ನ ಸುದ್ದಿ ಊರಿಗೆಲ್ಲ ಗೊತ್ತಿದ್ರೂ ತಲಿ ಎತ್ತಿ ನಡಿಯೋದು. ಮುಂಬೈ, ಶಾಂಘೈ, ನ್ಯೂಯಾರ್ಕಿನಿಂದ ಬಂದವರಿಗೆ ಇದು ಹೊಸಾದು. ನಮಗ ಹೊಸಾದಲ್ಲ.

ಅಡಗಿ ಮಾಡ್ಕೊಳ್ಳಾಕ ಡೇಸಿ ಮೋಸೆಸ್ ಅನ್ನೋ ಅಜ್ಜಿ ಹೆಸರಿನ ಒಂದು ಮನಿ ಐತಿ. ಆ ಅಜ್ಜಿ 1981ರಾಗ ತೀರಿಕೊಂಡ್ರು, ತಮ್ಮ ಮನೀನ ಕಾಲೇಜಿಗೆ ಬಿಟ್ಟು ಹೋದ್ರು. ಹಿಟ್ಟು, ಬೆಣ್ಣಿ, ಸಕ್ರಿ ಯಾವಾಗ್ಲೂ ಇಟ್ಟಿರ್ತಾರ. ಯಾರು ಬೇಕಾದ್ರೂ ಹೋಗಿ ಬಿಸ್ಕೀಟು ಬೇಯಿಸಿ ತಾವೂ ತಿಂದು ಬಂದವರಿಗೂ ಇಟ್ಟು ಬರಬಹುದು. ಊರ ಬಿಟ್ಟು ಬಂದ ಮೊದಲನೇ ಯುಗಾದಿಗೆ ನಾ ಅಲ್ಲಿ ಹೋಳಿಗಿ ಮಾಡಿದೆ, ಕಡ್ಲಿಬ್ಯಾಳಿ ನಾನ ಒಯ್ದಿದ್ದೆ. ಹೂರಣ ಸಡ್ಲ ಆತು, ಎಲ್ಲ ಹರಕೊಂಡ್ವು. ಎಂಟು ಮಂದಿ ನಿಂತ್ಕೊಂಡು ಚಮಚಾದಿಂದ ತಿಂದ್ರು.

ಛಳಿ ಮೈನಸ್ 20, ಒಮ್ಮೊಮ್ಮೆ ಅದಕ್ಕೂ ಕೆಳಗ. ಬಟ್ಟಿ ಇಲ್ಲೇ ಬಂದು ತಗೊಳ್ರಿ, ಬೆಂಗಳೂರಿನ ಜಾಕೆಟ್ ಸಾಕಾಗಂಗಿಲ್ಲ. ಕಾಲೇಜಿನ ನಡುವಿನ ಬಯಲನ್ನ ಬೋಳು ಜಾಗ ಅಂತ ಕರೀತಾರ, ಛಳಿಗಾಲಕ್ಕ ಅಲ್ಲಿ ನೀರು ಬಿಟ್ಟು ಹೆಪ್ಪುಗಟ್ಟಿಸಿ ಸ್ಕೇಟಿಂಗ್ ಆಡ್ತಾರ. ಗುಡ್ಸೆಲ್ ಅನ್ನೋ ಖಗೋಳ ವೀಕ್ಷಣಾಲಯ 1887ರದು, ತಿಂಗಳಿಗೊಮ್ಮೆ ಊರಿನವರಿಗೂ ತೆರೀತಾರ. ಗಿಡಮರದ ಹುಚ್ಚಿದ್ರ ತಂಗಿ ಸಂತೋಷ ಪಡ್ತಾಳ. ಕಾಲೇಜಿಗೆ ಹೊಂದ್ಕೊಂಡ ಸುಮಾರು 800 ಎಕರೆ ಕಾಡು, ಹುಲ್ಲುಗಾವಲು ಐತಿ, ಸಸ್ಯಗಳ ಪಾಠ ಅಲ್ಲೇ ನಡೀತೈತಿ.

ವೈಟ್‌ಫೀಲ್ಡ್ ಅಣ್ಣಾರ, ಕೋರ್ಸ್ ಗೊತ್ತಿಲ್ದನ ಬರೋದು ಅಂದ್ರಿ. ಇಲ್ಲಿ ಮೇಜರ್ (ಮುಖ್ಯ ವಿಷಯ) ಆರಿಸೋದು ಎರಡನೇ ವರ್ಷದ ಕಡೀಗೆ. ನಾ ಕಂಪ್ಯೂಟರ್ ಅಂತ ಬಂದಾಕಿ. ಒಂದು ಟರ್ಮು ಸುಮ್ನ ಭೂವಿಜ್ಞಾನ ತಗೊಂಡೆ, ಮೊದಲನೇ ವಾರನ ಹೊಳಿ ದಂಡಿಗೆ ಕರಕೊಂಡು ಹೋಗಿ ಕಲ್ಲು ಓದಸಿದ್ರು. ಈಗ ಅದ ನನ್ನ ಮೇಜರ್. ಕಲತ ಮ್ಯಾಲೆ ಒಂದು ವರ್ಷ ಕೆಲಸ ಮಾಡಾಕ ಪರವಾನಗಿ ಇರ್ತೈತಿ, ವಿಜ್ಞಾನದವರಿಗೆ ಇನ್ನೂ ಎರಡು ವರ್ಷ. ಅದಾದ ಮ್ಯಾಲೆ ಇಲ್ಲೇ ಇರಾಕ ಆಗ್ತೈತಿ ಅಂತ ನಾ ಯಾರಿಗೂ ಮಾತು ಕೊಡಂಗಿಲ್ಲ. ಪಿಎಚ್‌ಡಿ ಮಾಡಬೇಕನ್ನೋದು ನನ್ನ ಮನಸ್ಸಿನ್ಯಾಗ ಐತಿ.

ಮೈಸೂರಮ್ಮ_ಮಿನ್ನೆಸೋಟ (ಸಂಜೆ 6:45)

ಬ್ಯಾಡಗಿ ಮಗಳೇ, ನೀನು ಇಷ್ಟು ಹತ್ತಿರ ಇದ್ದೀಯ ಅಂತ ಗೊತ್ತೇ ಇರಲಿಲ್ಲವಲ್ಲಮ್ಮ! ನಾವು ಮಿನಿಯಾಪೊಲಿಸ್ ಪಕ್ಕದಲ್ಲೇ ಇಪ್ಪತ್ತೆರಡು ವರ್ಷದಿಂದ ಇದ್ದೇವೆ. ಮೇಪಲ್ ಗ್ರೋವ್‌ನಲ್ಲಿ ದೊಡ್ಡ ಹಿಂದೂ ದೇವಸ್ಥಾನ ಇದೆ, ಹಬ್ಬದ ದಿನ ಕನ್ನಡದವರು ಅಲ್ಲಿ ಸಿಕ್ಕೇ ಸಿಗುತ್ತಾರೆ. ಮುಂದಿನ ಹೋಳಿಗೆ ನಮ್ಮ ಮನೆಯಲ್ಲಿ ಮಾಡೋಣ, ಹೂರಣದ ಹದ ನಾನು ಹೇಳಿಕೊಡುತ್ತೇನೆ.

ತೋಟದಮನೆಯವರೇ, ನಿಮ್ಮ ಮನೆಯವರಿಗೆ ಹೇಳಿ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ ಜನವರಿಯವರೆಗೆ ಆ ಕಾಲೇಜಿಗೆ ಉದ್ದ ರಜೆ. ಅಮೆರಿಕದ ಮಕ್ಕಳೆಲ್ಲ ಮನೆಗೆ ಹೋಗಿಬಿಡುತ್ತಾರೆ, ದೂರದವರಿಗೆ ಅದೇ ಕಷ್ಟದ ಸಮಯ. ರಜೆಯಲ್ಲಿ ಎಲ್ಲಿ ಇರುತ್ತಾಳೆ ಅನ್ನೋದನ್ನು ಸೇರುವಾಗಲೇ ಕಾಲೇಜನ್ನು ಕೇಳಿಟ್ಟುಕೊಳ್ಳಿ. ನನ್ನ ಮಗಳು ಇಲ್ಲೇ ಹುಟ್ಟಿ ಬೆಳೆದವಳು, ಸಣ್ಣ ಊರಿನ ಕಾಲೇಜಿಗೆ ಹೋದಳು. ಅವಳಿಗೂ ನೀನು ನಿಜವಾಗಿ ಎಲ್ಲಿಯವಳು ಎಂದು ಕೇಳುವವರು ಸಿಕ್ಕರು. ಮೊದಲ ವರ್ಷ ನೊಂದುಕೊಂಡಳು. ಆಮೇಲೆ ಅಜ್ಜಿಯ ಊರು ಶ್ರೀರಂಗಪಟ್ಟಣ ಎಂದು ಹೇಳಿ, ಕೂರಿಸಿಕೊಂಡು ಕಥೆ ಹೇಳುತ್ತಿದ್ದಳು. ಎಲ್ಲರೂ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡವರು ಇಂದಿಗೂ ಸ್ನೇಹಿತರು.

ವೀಸಾಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋಗಬೇಕಾಗಬಹುದು. 2025ರ ಜೂನ್‌ನಿಂದ ವಿದ್ಯಾರ್ಥಿಗಳು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವ ಹಾಗೆ ಇಡಬೇಕು ಎಂದಿದ್ದಾರೆ, ನೆನಪಿರಲಿ.

ವೈಟ್‌ಫೀಲ್ಡ್_ನಿವಾಸಿ (ರಾತ್ರಿ 9:00)

ಎಲ್ಲವನ್ನೂ ಓದಿದೆ. ಕೆಲಸದ ವಿಷಯದಲ್ಲಿ ನನ್ನ ಆತಂಕ ಹೋಗಿಲ್ಲ. ಸಿಇಟಿ ಓದು ಬಿಡದೆ ಇದನ್ನೂ ಹಾಕಲಿ, ಇಲ್ಲಿನ ಒಂದೆರಡು ಕಡೆಯೂ ಅರ್ಜಿ ಇರಲಿ. ಪ್ರಬಂಧದ ಇಂಗ್ಲಿಷ್ ಕಾಗುಣಿತ ನೋಡುವುದಕ್ಕೆ ಯಾರಾದರೂ ಬೇಕಿದ್ದರೆ ನಾನಿದ್ದೇನೆ, ವಾಕ್ಯ ಮಾತ್ರ ಅವಳದೇ ಇರಲಿ.

ತೋಟದಮನೆ_ಸಾಗರ (ಅಕ್ಟೋಬರ್ 19, ರಾತ್ರಿ 10:30)

ಅಪ್ಪನ ಖಾತೆಯಿಂದ ಮಗಳು ಬರೆಯುತ್ತಿದ್ದೇನೆ. ಎಲ್ಲರಿಗೂ ನಮಸ್ಕಾರ.

ಒಂಬತ್ತನೆಯ ತರಗತಿಯ ಅಂಕಪಟ್ಟಿ ಸಿಕ್ಕಿತು. ಪ್ರಾಂಶುಪಾಲರು ಪತ್ರ ಬರೆಯಲು ಒಪ್ಪಿದ್ದಾರೆ. ಕನ್ನಡ ಮೇಡಂ ಕನ್ನಡದಲ್ಲೇ ಬರೆಯುತ್ತಾರಂತೆ. ಸೊಸೈಟಿ ಪಟ್ಟಿ ಚಿಕ್ಕಪ್ಪ ಹುಡುಕುತ್ತಿದ್ದಾರೆ. ಜಯನಗರದ ಅಣ್ಣ, ನೀವು ಹೇಳಿದ ಮಾತನ್ನು ಅಪ್ಪ ನಿನ್ನೆ ಊಟ ಆದಮೇಲೆ ನನಗೆ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಗದ್ದೆ ಕಡೆ ನೋಡುತ್ತಿದ್ದರು. ಅಮ್ಮ ಪಕ್ಕದಲ್ಲೇ ಇದ್ದಳು.

ಬ್ಯಾಡಗಿ ಅಕ್ಕ, ನಾನು ಮೊದಲು ಗಣಿತದ ಬಗ್ಗೆ ಬರೆಯಲು ಹೊರಟಿದ್ದೆ. ಈಗ ಬೇರೆ ಒಂದು ಹೊಳೆದಿದೆ. ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ರಾತ್ರಿ, ಯಾರು ಎಷ್ಟು ಸುಲಿದರು ಎಂದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಎಂಟನೇ ತರಗತಿಯಲ್ಲಿದ್ದಾಗ ಒಂದು ರಾತ್ರಿ ನಿದ್ದೆಗಣ್ಣಲ್ಲಿ ಒಬ್ಬ ಅಜ್ಜಿಯ ಲೆಕ್ಕ ಕಡಿಮೆ ಬರೆದೆ. ಅವರಿಗೆ ಓದಲು ಬರುತ್ತಿರಲಿಲ್ಲ, ಕೊಟ್ಟಷ್ಟು ತೆಗೆದುಕೊಂಡು ಹೋದರು. ಮರುದಿನ ನನಗೆ ಗೊತ್ತಾಯಿತು, ಹೇಳಲು ಹೆದರಿಕೆಯಾಗಿ ಎಂಟು ದಿನ ಹೇಳಲಿಲ್ಲ. ಅದನ್ನು ಬರೆಯಬಹುದೇ? ನಾನು ತಪ್ಪು ಮಾಡಿದ್ದು ಓದಿ ಅವರು ಬೇಡ ಅನ್ನುವುದಿಲ್ಲವೇ?

ಬ್ಯಾಡಗಿಯಾಕಿ (ಅಕ್ಟೋಬರ್ 20, ಬೆಳಿಗ್ಗೆ 7:50)

ಬರಿ ತಂಗಿ. ಆ ಎಂಟು ದಿನ ನೀ ಏನ ಮಾಡಿದಿ, ಆಮ್ಯಾಲೆ ಹೇಳಿದಾಗ ಆ ಅಜ್ಜಿ ಏನಂದ್ಲು, ಎಲ್ಲ ಇದ್ದಂಗ ಬರಿ. ಮೊದ್ಲ ಕನ್ನಡದಾಗ ಬರಿ, ಶಬ್ದ ಎಣಸಬ್ಯಾಡ. ಮುಗಿದ ಕೂಡ್ಲೆ ನನಗ ಕಳಸು. ನನಗ ಈ ಶುಕ್ರವಾರ ಮಧ್ಯಾಹ್ನ ಕೆಲಸ ಇಲ್ಲ, ಕುಂತು ಓದ್ತೀನಿ.